ಕೇಂದ್ರ ಗ್ರಂಥಾಲಯದ ನವೀಕರಣಕ್ಕೆ ಮುನ್ನ ಪುಸ್ತಕಗಳಿಗೂ ಓದುಗರಿಗೂ ಏರ್ಪಾಡು ಮಾಡುವಂತೆ ಮನವಿ

ಇವರಿಗೆ,
ಮಾನ್ಯ ಕುಲಪತಿಗಳು ಹಾಗೂ ಸಿಂಡಿಕೇಟ್‌ನ ಗೌರವಾನ್ವಿತ ಸದಸ್ಯರು

ಇವರಿಂದ,
ಕೇಂದ್ರ ಗ್ರಂಥಾಲಯವನ್ನು ಬಳಸುವ ಸಂಶೋಧನಾರ್ಥಿಗಳು, ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು

ಮಾನ್ಯರೇ,

ಕೇಂದ್ರ ಗ್ರಂಥಾಲಯದ ಕಟ್ಟಡವನ್ನು ಪೂರ್ತಿಯಾಗಿ ನವೀಕರಿಸಲು ಸಿಂಡಿಕೇಟ್ ತೀರ್ಮಾನಿಸಿರುವುದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಮಳೆಗಾಲದಲ್ಲಿ ಮೂರನೇ ಮಹಡಿಯ ನಿಯತಕಾಲಿಕ ವಿಭಾಗದಲ್ಲಿ ಸೋರುವ ನೀರಿಗೆ ಬಕೆಟ್ ಇಟ್ಟು, ಅದರ ಪಕ್ಕದಲ್ಲೇ ಕೂತು ಓದಿದವರು ನಾವು. ಹಳೆಯ ವೈರಿಂಗ್, ಕೆಟ್ಟು ನಿಂತ ಲಿಫ್ಟ್, ಗಾಲಿಕುರ್ಚಿ ಹತ್ತದ ಮೆಟ್ಟಿಲು, ಇವೆಲ್ಲ ಬದಲಾಗಲೇಬೇಕು. ಆದರೆ ಇದುವರೆಗೆ ನಮ್ಮ ಕಿವಿಗೆ ಬಿದ್ದಿರುವುದೆಲ್ಲ ಟೆಂಡರು, ನಕ್ಷೆ, ಮುಂಭಾಗದ ಗಾಜಿನ ಮಾತು. ಒಳಗಿರುವ ಪುಸ್ತಕಗಳು ಅಷ್ಟು ಕಾಲ ಎಲ್ಲಿರುತ್ತವೆ, ಅವನ್ನು ನಂಬಿ ದಿನವೂ ಬರುವವರು ಎಲ್ಲಿ ಕೂರುತ್ತಾರೆ ಎಂಬುದನ್ನು ಯಾರೂ ಹೇಳಿಲ್ಲ. ಪ್ರತಿ ಪುಸ್ತಕಕ್ಕೂ ಒಂದು ತಾತ್ಕಾಲಿಕ ವಿಳಾಸ, ಓದುಗರಿಗೆ ಕೂರಲು ಒಂದು ಜಾಗ, ಇವೆರಡೂ ಲಿಖಿತವಾಗಿ ಖಚಿತವಾಗುವವರೆಗೆ ಕಟ್ಟಡವನ್ನು ಗುತ್ತಿಗೆದಾರರಿಗೆ ಒಪ್ಪಿಸಬಾರದು ಎಂಬುದು ನಮ್ಮ ಮುಖ್ಯ ಬೇಡಿಕೆ. ಉಳಿದವೆಲ್ಲ ಅದರ ವಿವರಗಳು.

ನಮ್ಮ ಆತಂಕಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮೇಲ್ಛಾವಣಿ ರಿಪೇರಿಗೆಂದು ನಿಯತಕಾಲಿಕ ವಿಭಾಗವನ್ನು ತರಾತುರಿಯಲ್ಲಿ ಖಾಲಿ ಮಾಡಲಾಯಿತು. ಬೈಂಡ್ ಮಾಡಿಸಿದ್ದ ಸಂಪುಟಗಳನ್ನು ನೈಲಾನ್ ಹಗ್ಗದಲ್ಲಿ ಬಿಗಿದು, ಪಕ್ಕದ ಕೊಠಡಿಯ ನೆಲದ ಮೇಲೆ ಆಳೆತ್ತರಕ್ಕೆ ಪೇರಿಸಿದ್ದರು. ಕಟ್ಟು ಬಿಚ್ಚಿದಾಗ ಹಗ್ಗ ರಟ್ಟನ್ನು ಕೊರೆದು ಒಳಹಾಳೆಯವರೆಗೆ ಇಳಿದಿತ್ತು. ‘ಪ್ರಬುದ್ಧ ಕರ್ನಾಟಕ’ದ ಹಳೆಯ ಸಂಪುಟವೊಂದರ ಬೆನ್ನು ಕಿತ್ತುಬಂದು, ಕಾಲ್ ನಂಬರಿನ ಚೀಟಿ ಹಗ್ಗಕ್ಕೇ ಅಂಟಿಕೊಂಡಿತ್ತು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಹೊರತಂದ ಆ ಪತ್ರಿಕೆಯ ಮೊದಮೊದಲ ಸಂಚಿಕೆಗಳು ದುಡ್ಡು ಕೊಟ್ಟರೆ ಸಿಗುವಂಥವಲ್ಲ. ಹೊರೆ ಹೊತ್ತ ಕೂಲಿಕಾರರನ್ನು ದೂರುವುದು ಅನ್ಯಾಯವಾದೀತು. ಯಾವುದನ್ನು ಹೇಗೆ ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ಹೇಳಿಕೊಡಲು ಅಲ್ಲಿ ಒಬ್ಬರೂ ಇರಲಿಲ್ಲ. ಅಂದು ಒಂದು ವಿಭಾಗಕ್ಕೆ ಆದದ್ದು ಈ ಬಾರಿ ಇಡೀ ಗ್ರಂಥಾಲಯಕ್ಕೆ ಆಗಬಾರದು.

ಆದ್ದರಿಂದ ಪುಸ್ತಕ ಸಾಗಿಸುವ ಕೆಲಸವನ್ನು ಸಿವಿಲ್ ಕಾಮಗಾರಿಯ ಟೆಂಡರಿನಲ್ಲಿ ಒಂದು ಸಾಲಾಗಿ ತೂರಿಸಬೇಡಿ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಡಿಯಲ್ಲೇ ಅದಕ್ಕೆ ಪ್ರತ್ಯೇಕ ಟೆಂಡರು ಕರೆದು, ಪ್ಯಾಕಿಂಗ್ ಹೇಗಿರಬೇಕು ಎಂಬ ಷರತ್ತುಗಳನ್ನು ಗ್ರಂಥಪಾಲಕರಿಂದಲೇ ಬರೆಸಬೇಕು. ಮೊದಲು ಪ್ರತಿ ರ್‍ಯಾಕಿನ ಉದ್ದ ಅಳೆದು, ಹೋಗುವ ಜಾಗದಲ್ಲಿ ಅಷ್ಟೇ ಉದ್ದದ ರ್‍ಯಾಕ್ ಇದೆಯೇ ಎಂದು ನೋಡಬೇಕು. ಎಲ್ಲ ಪೆಟ್ಟಿಗೆಗಳಿಗೂ ಅನುಕ್ರಮ ಸಂಖ್ಯೆ ಕೊಟ್ಟು, ಯಾವ ಕಾಲ್ ನಂಬರಿನಿಂದ ಯಾವುದರವರೆಗಿನ ಪುಸ್ತಕ ಅದರೊಳಗಿದೆ ಎಂದು ಹೊರಗೆ ಬರೆದಿರಬೇಕು. ಹಗ್ಗ ಬೇಡವೇ ಬೇಡ. ದೊಡ್ಡ ಅಳತೆಯ ಸಂಪುಟಗಳು ಮಲಗಿಯೇ ಹೋಗಲಿ. ಎಲ್ಲವನ್ನೂ ಎತ್ತುವ ಮೊದಲು ಯಾವುದಾದರೂ ಒಂದು ಚಿಕ್ಕ ವಿಭಾಗವನ್ನು ಪ್ರಾಯೋಗಿಕವಾಗಿ ಸಾಗಿಸಿ, ಅಲ್ಲಿ ಕಂಡ ತೊಡಕನ್ನು ಸರಿಪಡಿಸಿಕೊಂಡು ಮುಂದುವರಿಯಬೇಕು. ಇದಕ್ಕೆಲ್ಲ ಸಲಹೆ ಬೇಕೆಂದರೆ ದೂರ ಹೋಗಬೇಕಿಲ್ಲ, ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಕಟ್ಟಿದ ಗ್ರಂಥಾಲಯ ವಿಜ್ಞಾನದ ಕೇಂದ್ರ ಡಿಆರ್‌ಟಿಸಿ ಬೆಂಗಳೂರಿನಲ್ಲೇ ಇದೆ.

ಸಾಗಾಟಕ್ಕೆ ಮುನ್ನ ಪೂರ್ಣ ಪ್ರಮಾಣದ ಸ್ಟಾಕ್ ವೆರಿಫಿಕೇಶನ್ ಆಗಲೇಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು, 50,000ಕ್ಕಿಂತ ಹೆಚ್ಚು ಸಂಪುಟಗಳಿರುವ ಗ್ರಂಥಾಲಯಗಳಲ್ಲಿ ಮೂರು ವರ್ಷ ಮೀರದ ಅವಧಿಗೊಮ್ಮೆ ಮಾದರಿ ಪರಿಶೀಲನೆ ಸಾಕು ಎನ್ನುತ್ತದೆ. ಆದರೆ ಅದು ಪುಸ್ತಕಗಳು ತಮ್ಮ ಜಾಗದಲ್ಲೇ ಇರುವ ಸಾಮಾನ್ಯ ವರ್ಷಗಳ ಮಾತು. ಇಡೀ ಸಂಗ್ರಹ ಕಟ್ಟಡದಿಂದ ಹೊರಗೆ ಕಾಲಿಡುವಾಗ ಮಾದರಿ ಎಣಿಕೆಯಿಂದ ಏನೂ ತಿಳಿಯುವುದಿಲ್ಲ. ಹೊರಡುವ ಮುನ್ನ ಎಷ್ಟಿತ್ತೆಂದು ಗೊತ್ತಿಲ್ಲದಿದ್ದರೆ, ಮರಳಿ ಬಂದಾಗ ಎಷ್ಟು ಕಳೆಯಿತೆಂದು ಲೆಕ್ಕ ಕೇಳುವುದು ಹೇಗೆ? ಅದೇ ನಿಯಮ ಅಪರೂಪದ ಪುಸ್ತಕವೊಂದು ಕಳೆದುಹೋದರೆ ಅದರ ಬೆಲೆ ಎಷ್ಟೇ ಇದ್ದರೂ ತನಿಖೆ ನಡೆಯಬೇಕು ಎನ್ನುತ್ತದೆ. ರಾಜ್ಯದ ವಿಶ್ವವಿದ್ಯಾಲಯಕ್ಕೆ ಆ ನಿಯಮ ನೇರವಾಗಿ ಅನ್ವಯಿಸದಿದ್ದರೂ, ಅದರ ಈ ಭಾಗವನ್ನು ನಾವಾಗಿಯೇ ಪಾಲಿಸಲು ಅಡ್ಡಿಯಿಲ್ಲ. ಬಾರ್‌ಕೋಡ್ ಇನ್ನೂ ಹತ್ತದ ಹಳೆಯ ಕನ್ನಡ ಪುಸ್ತಕಗಳಿಗೆ ಈ ಸಂದರ್ಭದಲ್ಲೇ ಬಾರ್‌ಕೋಡ್ ಅಂಟಿಸಿ, ಅಕ್ಸೆಶನ್ ರಿಜಿಸ್ಟರಿಗೂ ಒಪ್ಯಾಕ್ ಎಂಬ ಆನ್‌ಲೈನ್ ಕ್ಯಾಟಲಾಗಿಗೂ ತಾಳೆ ನೋಡಬೇಕು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಜಾಗ ಸಾಲದು ಎಂಬ ನೆಪದಲ್ಲಿ ಒಂದು ಪುಸ್ತಕವನ್ನೂ ರದ್ದಿಗೆ ಹಾಕಬಾರದು. ಕಂಪ್ಯೂಟರಿನಲ್ಲಿ ಎಂಟ್ರಿ ಆಗದ ಪುಸ್ತಕ ವರ್ಷಗಟ್ಟಲೆ ಯಾರಿಗೂ ಇಷ್ಯೂ ಆಗಿರುವುದಿಲ್ಲ, ಏಕೆಂದರೆ ಅದು ಇರುವುದೇ ಯಾರಿಗೂ ಗೊತ್ತಿಲ್ಲ. ಆ ಲೆಕ್ಕ ಹಿಡಿದು ‘ಬಳಕೆಯಲ್ಲಿಲ್ಲ’ ಎಂದು ಬರೆಯುವುದು ತಪ್ಪು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಬಂದದ್ದು 1886ರಲ್ಲಿ. ನಂತರ ಪರಿಷ್ಕೃತ ಆವೃತ್ತಿ ಬಂದಿದೆ ನಿಜ. ಆದರೆ ಹಳೆಯ ಪಾಠ, ಹಳೆಯ ಪೀಠಿಕೆಗಳನ್ನು ಎದುರಿಗಿಟ್ಟುಕೊಳ್ಳದೆ ಶಾಸನಗಳ ಮೇಲೆ ಪಿಎಚ್‌ಡಿ ಮಾಡುವವರ ಕೆಲಸ ಸಾಗುವುದಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಕಿಟೆಲ್ ನಿಘಂಟಿನ ಮಾತೂ ಅದೇ. ಪುಸ್ತಕ ತೆಗೆದುಹಾಕುವ ಯಾವುದೇ ತೀರ್ಮಾನ ನವೀಕರಣ ಮುಗಿದು ಕಟ್ಟಡ ಮತ್ತೆ ತೆರೆದ ಮೇಲೆ, ವಿಭಾಗಗಳ ಅಧ್ಯಾಪಕರು ಕೂತು ಪಟ್ಟಿ ನೋಡಿದ ನಂತರವಷ್ಟೇ ಆಗಲಿ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ತನ್ನ ಮುಖ್ಯ ಕಟ್ಟಡದ ಸ್ಟ್ಯಾಕ್‌ಗಳನ್ನು ತೆರವು ಮಾಡುವ ಯೋಜನೆ ಹಾಕಿ, ಓದುಗರ ಮತ್ತು ವಿದ್ವಾಂಸರ ವಿರೋಧದ ನಡುವೆ 2014ರಲ್ಲಿ ಅದನ್ನು ಕೈಬಿಟ್ಟಿತು. ಓದುಗರನ್ನು ಮೊದಲೇ ಕೇಳುವುದು ಎಲ್ಲ ಬಗೆಯಲ್ಲೂ ಒಳ್ಳೆಯದು.

ತಾಳೆಗರಿ, ಕಡತ, ಹಸ್ತಪ್ರತಿಗಳ ವಿಷಯ ಬೇರೆಯೇ. ಸಿಮೆಂಟಿನ ಧೂಳು ಕಸಬರಿಕೆಯಲ್ಲಿ ಗುಡಿಸಿದರೆ ಹೋಗುವ ಧೂಳಲ್ಲ. ಅದು ಕ್ಷಾರೀಯ, ಹಾಳೆಯ ನಡುವೆ ಸೇರಿ ಉಜ್ಜುತ್ತದೆ, ತೇವ ತಗಲಿದರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಗೋಡೆ ಒಡೆಯುವ ಮೊದಲ ಸುತ್ತಿಗೆ ಏಟು ಬೀಳುವ ಮುನ್ನ ಇವು ಕಟ್ಟಡದಿಂದ ಹೊರಗೆ, ಬೀಗವಿರುವ, ಗಾಳಿಯಾಡುವ, ನೀರು ನುಗ್ಗದ ಕೊಠಡಿಯಲ್ಲಿರಬೇಕು. ನೆಲಮಾಳಿಗೆ ಖಂಡಿತ ಬೇಡ. 2021ರ ಏಪ್ರಿಲ್ 18ರಂದು ಕೇಪ್‌ಟೌನ್ ವಿಶ್ವವಿದ್ಯಾಲಯದ ಜ್ಯಾಗರ್ ಗ್ರಂಥಾಲಯಕ್ಕೆ ಬೆಂಕಿ ಬಿದ್ದಾಗ ಬೆಂಕಿತಡೆ ಬಾಗಿಲುಗಳು ಒಂದಷ್ಟು ಸಂಗ್ರಹವನ್ನು ಕಾಪಾಡಿದವು. ಆದರೆ ಬೆಂಕಿ ಆರಿಸಲು ಹಾಕಿದ ನೀರು ಹರಿದು ನೆಲಮಾಳಿಗೆಗೇ ಇಳಿಯಿತು. ಸಾಗಾಟವೂ ಮಳೆಗಾಲದಲ್ಲಿ ಬೇಡ.

ಬೆಂಕಿಯ ಮಾತು ಬಂತೆಂದು ಇನ್ನೊಂದು ಪ್ರಸಂಗವನ್ನು ತಮ್ಮ ಗಮನಕ್ಕೆ ತರುತ್ತೇವೆ. ಜರ್ಮನಿಯ ವೈಮರ್ ನಗರದ ಅನ್ನಾ ಅಮಾಲಿಯಾ ಗ್ರಂಥಾಲಯ ನವೀಕರಣಕ್ಕೆ ಸಿದ್ಧವಾಗಿತ್ತು. ಪುಸ್ತಕಗಳನ್ನು ಬೇರೆಡೆಗೆ ಸಾಗಿಸಲು ಕೆಲವೇ ವಾರಗಳು ಉಳಿದಿದ್ದವು. 2004ರ ಸೆಪ್ಟೆಂಬರ್ 2ರ ರಾತ್ರಿ ಬೆಂಕಿ ಹತ್ತಿ ಸುಮಾರು 50,000 ಪುಸ್ತಕಗಳು ಬೂದಿಯಾದವು, 60,000ಕ್ಕೂ ಹೆಚ್ಚು ಪುಸ್ತಕಗಳು ನೀರು, ಹೊಗೆ, ಶಾಖಕ್ಕೆ ಸಿಕ್ಕಿ ಹಾಳಾದವು. ಅದು ಬಡ ದೇಶವಲ್ಲ, ಅಸಡ್ಡೆಯ ಸಂಸ್ಥೆಯೂ ಅಲ್ಲ. ಹಳೆಯ ಕಟ್ಟಡದಲ್ಲಿ ಪುಸ್ತಕಗಳು ಕಾಯುತ್ತಿರುವ ಆ ನಡುವಿನ ವಾರಗಳೇ ಅಪಾಯದ ವಾರಗಳು. ನಮ್ಮಲ್ಲಿ ವೈರಿಂಗ್ ತಪಾಸಣೆ ಈಗಿಂದೀಗಲೇ ನಡೆಯಲಿ, ಸಾಗಾಟದವರೆಗೆ ಕಾಯುವುದು ಬೇಡ. ಪುಸ್ತಕಗಳಿರುವ ಯಾವ ಮಹಡಿಯಲ್ಲೂ ವೆಲ್ಡಿಂಗ್, ಗ್ಯಾಸ್ ಕಟಿಂಗ್ ಮಾಡದಂತೆ ಗುತ್ತಿಗೆ ಕರಾರಿನಲ್ಲೇ ಬರೆಯಬೇಕು. ರಾತ್ರಿ ಪಾಳಿಯ ಕಾವಲುಗಾರರಿಗೆ ಅಗ್ನಿಶಾಮಕ ದಳದಿಂದ ತರಬೇತಿ ಕೊಡಿಸಬೇಕು.

ಇನ್ನು ಓದುಗರು. ಗ್ರಂಥಾಲಯ ಎಂದರೆ ಪುಸ್ತಕ ಇಷ್ಯೂ ಮಾಡುವ ಕೌಂಟರ್ ಎಂದಷ್ಟೇ ತಿಳಿದವರಿಗೆ ವಾಚನಾಲಯದ ಬೆಲೆ ತಿಳಿಯುವುದಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಹಳ್ಳಿಗಳಿಂದ ಬಂದವರು. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ನಾಲ್ವರು, ಒಂದು ಟ್ಯೂಬ್‌ಲೈಟ್. ಕೆಪಿಎಸ್‌ಸಿ, ನೆಟ್, ಕೆ-ಸೆಟ್‌ಗೆ ಓದುವವರು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಬ್ಯಾಗ್ ಇಟ್ಟು ಸಾಲು ಹಿಡಿಯುತ್ತಾರೆ. ವಾಚನಾಲಯ ಮುಚ್ಚಿದರೆ ಅವರಿಗೆ ಹೋಗಲು ಬೇರೆ ಜಾಗವಿಲ್ಲ. ಊರಿನಲ್ಲಿರುವ ಖಾಸಗಿ ಸ್ಟಡಿ ಸೆಂಟರುಗಳಿಗೆ ತಿಂಗಳು ತಿಂಗಳು ಹಣ ಕಟ್ಟುವ ಶಕ್ತಿ ಎಲ್ಲರಿಗೂ ಇಲ್ಲ. ಆದ್ದರಿಂದ ಈಗಿರುವಷ್ಟೇ ಆಸನಗಳ ತಾತ್ಕಾಲಿಕ ವಾಚನಾಲಯವನ್ನು ಕ್ಯಾಂಪಸ್ಸಿನೊಳಗೇ, ಮಹಿಳಾ ಹಾಸ್ಟೆಲಿಗೆ ಹತ್ತಿರದಲ್ಲಿ, ಈಗಿನ ಸಮಯದಲ್ಲೇ ನಡೆಸಬೇಕು. ಕುಡಿಯುವ ನೀರು, ಶೌಚಾಲಯ, ಹೋಗಿಬರುವ ದಾರಿಯಲ್ಲಿ ದೀಪ, ಇವು ಉದ್ಘಾಟನೆಯ ದಿನವೇ ಇರಲಿ. ಹೆಚ್ಚು ಕೇಳಿಕೆ ಇರುವ ಪಠ್ಯ ಮತ್ತು ಪರಾಮರ್ಶನ ಗ್ರಂಥಗಳು ಅಲ್ಲೇ ಕೈಗೆ ಸಿಗಬೇಕು. ಬೇರೆಡೆ ಪೆಟ್ಟಿಗೆಯಲ್ಲಿರುವ ಪುಸ್ತಕ ಬೇಕೆಂದು ಬರೆದುಕೊಟ್ಟರೆ ಎರಡು ಕೆಲಸದ ದಿನಗಳೊಳಗೆ ತರಿಸಿಕೊಡುವ ವ್ಯವಸ್ಥೆ ಇರಬೇಕು, ಒಪ್ಯಾಕಿನಲ್ಲಿ ಆಯಾ ಪುಸ್ತಕದ ಎದುರು ಅದು ಈಗ ಎಲ್ಲಿದೆ ಎಂದೂ ಕಾಣಬೇಕು. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ಅವಧಿಯಲ್ಲಿ ಹೆಚ್ಚು ಪುಸ್ತಕ, ಹೆಚ್ಚು ದಿನಕ್ಕೆ ಕೊಟ್ಟರೆ ಸಾಗಿಸಬೇಕಾದ ಪುಸ್ತಕಗಳ ಹೊರೆಯೂ ಅಷ್ಟು ಇಳಿಯುತ್ತದೆ.

ಸಂಶೋಧನಾರ್ಥಿಗಳ ಕಷ್ಟ ತಮಗೆ ತಿಳಿಯದ್ದಲ್ಲ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯಂತೆ ಪ್ರಬಂಧ ಸಲ್ಲಿಸಲು ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷದವರೆಗೆ ಕೊಡಬಹುದು. ಗ್ರಂಥಾಲಯ ಮುಚ್ಚಿರುವ ತಿಂಗಳುಗಳು ಆ ಆರು ವರ್ಷದೊಳಗೇ ಕರಗುತ್ತವೆ. ಮುಚ್ಚುಗಡೆಯಿಂದ ತಡವಾದವರಿಗೆ ಮರುನೋಂದಣಿ ಶುಲ್ಕವನ್ನು ಮನ್ನಾ ಮಾಡಬೇಕು, ಅರ್ಜಿಯನ್ನು ಪ್ರಶ್ನೆಯಿಲ್ಲದೆ ಸ್ವೀಕರಿಸಬೇಕು. ಯಾರ ಸಂಶೋಧನೆಗೆ ಯಾವ ಸಂಗ್ರಹ ಬೇಕು ಎಂದು ಈಗಲೇ ಎಲ್ಲ ವಿಭಾಗಗಳಿಂದ ಪಟ್ಟಿ ತರಿಸಿದರೆ, ಕೊನೆಯ ವರ್ಷದಲ್ಲಿರುವವರಿಗೆ ಬೇಕಾದದ್ದನ್ನು ಕೊನೆಯಲ್ಲಿ ಪ್ಯಾಕ್ ಮಾಡಬಹುದು. ರಾಜ್ಯದ ಇತರ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ನಮ್ಮವರು ಕೂತು ಓದಲು ಕುಲಪತಿಗಳ ಒಂದು ಪತ್ರ ಸಾಕಾಗುತ್ತದೆ.

ದೃಷ್ಟಿದೋಷವಿರುವ ವಿದ್ಯಾರ್ಥಿಗಳು ಬಳಸುವ ಸ್ಕ್ರೀನ್ ರೀಡರ್ ಕಂಪ್ಯೂಟರುಗಳು ಒಂದು ದಿನವೂ ನಿಲ್ಲಬಾರದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ತಾತ್ಕಾಲಿಕ ಕಟ್ಟಡ ಎಂಬ ಕಾರಣಕ್ಕೆ ಯಾರಿಗೂ ವಿನಾಯಿತಿ ಕೊಡುವುದಿಲ್ಲ; ತಾತ್ಕಾಲಿಕ ವಾಚನಾಲಯಕ್ಕೂ ರ್‍ಯಾಂಪ್ ಬೇಕು. ಮುಚ್ಚಿರುವ ಕಾಲದಲ್ಲಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸುವುದಾದರೆ, ಬರೀ ಚಿತ್ರವಾಗಿ ಉಳಿಯುವ ಪಿಡಿಎಫ್ ಅವರ ಪಾಲಿಗೆ ಖಾಲಿ ಹಾಳೆಯೇ. ಕನ್ನಡ ಓಸಿಆರ್ ಮಾಡಿಸಿ, ತಪ್ಪು ತಿದ್ದಿಸಿ ಕೊಡಬೇಕು. ಅಂಗವಿಕಲರಿಗೆ ಓದಲು ಒದಗುವ ರೂಪದಲ್ಲಿ ಪ್ರತಿ ಮಾಡಿಕೊಡಲು 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಅವಕಾಶವಿದೆ.

ಗುತ್ತಿಗೆ ಆಧಾರದ ಮೇಲೆ ದುಡಿಯುವ ಗ್ರಂಥಾಲಯ ಸಹಾಯಕರನ್ನು ‘ಕಟ್ಟಡ ಮುಚ್ಚಿದೆ, ಕೆಲಸವಿಲ್ಲ’ ಎಂದು ಮನೆಗೆ ಕಳುಹಿಸಬಾರದು. ಕ್ಯಾಟಲಾಗಿನಲ್ಲಿ ಸಿಗದ ಪುಸ್ತಕ ಯಾವ ಮೂಲೆಯ ಯಾವ ಅಟ್ಟದಲ್ಲಿದೆ ಎಂದು ನೆನಪಿನಿಂದ ಹೇಳುವವರು ಅವರು. ಈ ಸಾಗಾಟದಲ್ಲಿ ಅವರಿಗಿಂತ ಹೆಚ್ಚು ಬೇಕಾದವರು ಯಾರೂ ಇಲ್ಲ. ಧೂಳಿನಲ್ಲಿ ಕೆಲಸ ಮಾಡುವವರಿಗೆ ಮಾಸ್ಕು, ಕೈಗವಸು ಕೊಡಿಸುವುದು ವಿಶ್ವವಿದ್ಯಾಲಯದ ಹೊಣೆ.

ಇವೆಲ್ಲದರ ಉಸ್ತುವಾರಿಗೆ ಗ್ರಂಥಪಾಲಕರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚಿಸಿ, ಅದರಲ್ಲಿ ಸಂಶೋಧನಾರ್ಥಿಗಳು, ಸ್ನಾತಕೋತ್ತರ ವಿದ್ಯಾರ್ಥಿಗಳು ಹಾಗೂ ಗ್ರಂಥಾಲಯ ಸಿಬ್ಬಂದಿಯ ಪ್ರತಿನಿಧಿಗಳಿಗೆ ಜಾಗ ಕೊಡಬೇಕು. ಕೆಲಸ ಎಲ್ಲಿಗೆ ಬಂತು, ಯಾವ ವಿಭಾಗ ಎಲ್ಲಿದೆ ಎಂಬುದನ್ನು ಪ್ರತಿ ತಿಂಗಳು ಕನ್ನಡದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು. ಮರುತೆರೆಯುವ ದಿನಾಂಕವನ್ನು ಕರಾರಿನಲ್ಲೇ ನಮೂದಿಸಿ, ತಡವಾದರೆ ಗುತ್ತಿಗೆದಾರರಿಂದ ದಂಡ ವಸೂಲು ಮಾಡಬೇಕು.

ಈ ಮನವಿಯನ್ನು ಮುಂದಿನ ಸಿಂಡಿಕೇಟ್ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಕಟ್ಟಡ ಹಸ್ತಾಂತರಕ್ಕೆ ಮೊದಲೇ ನಮಗೆ ಲಿಖಿತ ಉತ್ತರ ಕೊಡಬೇಕೆಂದು ಗೌರವಪೂರ್ವಕವಾಗಿ ಕೋರುತ್ತೇವೆ. ಪುಸ್ತಕ ಎತ್ತಲು, ಎಣಿಸಲು, ಚೀಟಿ ಅಂಟಿಸಲು ಕೈಗಳು ಬೇಕಾದರೆ ಕರೆಯಿರಿ, ನಾವು ಬರುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)