ಲಿಂಕ್‌ನಲ್ಲೇ ಸೋಸಿಹೋಗುವವರು

ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕಿದವರಿಗೆ ಈಗ ಮೊದಲು ಎದುರಾಗುವುದು ಬಹಳ ಕಡೆ ಮನುಷ್ಯರಲ್ಲ, ಮೇಲ್‌ನಲ್ಲಿ ಬರುವ ಆನ್‌ಲೈನ್ ಟೆಸ್ಟ್ ಲಿಂಕ್. ಅಂಧ ಅಭ್ಯರ್ಥಿ ಕಂಪ್ಯೂಟರ್ ಬಳಸುವುದು ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ನೆರವಿನಿಂದ. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ಪ್ರಶ್ನೆಯ ಜಾಗದಲ್ಲಿ ವಿವರಣೆಯಿಲ್ಲದ ಚಿತ್ರವಿದ್ದರೆ ‘ಗ್ರಾಫಿಕ್’ ಎಂದು ಹೇಳಿ ಸುಮ್ಮನಾಗುತ್ತದೆ. ಹೆಸರು ಕೊಡದ ಗುಂಡಿಗಳಿಗೆಲ್ಲ ‘ಬಟನ್, ಬಟನ್’. ಇದರ ಮೇಲೆ ನಕಲು ತಡೆಯುವ ತಂತ್ರಾಂಶ: ಬೇರೆ ಪ್ರೋಗ್ರಾಂ ಓಡಲು ಬಿಡದಿದ್ದರೆ ಸ್ಕ್ರೀನ್ ರೀಡರೇ ಬಂದ್. ನೋಟ ಪರದೆಯಿಂದ ಆಚೀಚೆ ಸರಿದರೆ ನಕಲಿನ ಅನುಮಾನ. ತೊದಲು ಮಾತಿನವರ ವಿಡಿಯೊ ಉತ್ತರಕ್ಕೆ ಯಂತ್ರ ಎಷ್ಟು ಅಂಕ ಕೊಟ್ಟಿತು, ಯಾಕೆ ಕೊಟ್ಟಿತು, ಹೇಳುವವರಿಲ್ಲ.

ಆತಂಕ ಇರುವುದು ಇಲ್ಲೇ. ಎದುರು ಕೂತವರು ‘ಇದು ನಿಮ್ಮ ಕೈಲಾಗಲ್ಲಮ್ಮ’ ಎಂದು ವಾಪಸ್ ಕಳಿಸಿದರೆ ದೂರು ಕೊಡಲು ಒಂದು ಹೆಸರಾದರೂ ಇರುತ್ತಿತ್ತು. ಈಗ ಸಿಗುವುದು ‘ನೀವು ಆಯ್ಕೆಯಾಗಿಲ್ಲ’ ಎಂಬ ಒಂದು ಸಾಲು. (ಎಷ್ಟೋ ಸಲ ಅದೂ ಇಲ್ಲ.)

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮದ 20ನೇ ಸೆಕ್ಷನ್ ಉದ್ಯೋಗದಲ್ಲಿ ತಾರತಮ್ಯ ಕೂಡದು ಎಂದು ನೇರವಾಗಿ ಹೇಳಿರುವುದು ಸರ್ಕಾರಿ ಸಂಸ್ಥೆಗಳಿಗೆ. ಶೇ 4ರ ಮೀಸಲಾತಿಯೂ ಅಲ್ಲಿಗೇ. ಖಾಸಗಿಯವರ ಪಾಲಿಗೆ ಮುಖ್ಯವಾಗಿ ಉಳಿಯುವುದು 21ನೇ ಸೆಕ್ಷನ್: ಸಮಾನ ಅವಕಾಶ ನೀತಿ ಪ್ರಕಟಿಸಿ ಅಂಗವಿಕಲ ವ್ಯಕ್ತಿಗಳ ಆಯುಕ್ತರಲ್ಲಿ ನೋಂದಾಯಿಸಬೇಕು. ಈ ಕಾಗದಕ್ಕೆ ಜೀವ ತುಂಬುವ ಹೊತ್ತು ಇದು. ಯಾವ ಟೆಸ್ಟ್ ತಂತ್ರಾಂಶ ಬಳಸುತ್ತೀರಿ, ಸ್ಕ್ರೀನ್ ರೀಡರ್ ಜೊತೆ ಅದು ನಡೆಯುತ್ತದೆಯೇ, ಹೆಚ್ಚುವರಿ ಸಮಯ ಕೇಳುವುದು ಯಾರನ್ನು, ಯಂತ್ರ ಬೇಡವೆಂದವರ ಅರ್ಜಿಯನ್ನು ಮನುಷ್ಯರು ಮತ್ತೊಮ್ಮೆ ನೋಡುತ್ತಾರೆಯೇ ಎಂದು ರಾಜ್ಯ ಆಯುಕ್ತರು ನೀತಿಯ ಜೊತೆಗೇ ಬರೆಸಿಕೊಳ್ಳಲಿ.

ಇದು ಅತಿಯಾಸೆಯೇನಲ್ಲ. ಕಣ್ಣು ಮಿಟುಕಿಸಿ ತೋರಿಸಬೇಕಾದ ಡಿಜಿಟಲ್ ಕೆವೈಸಿಯಿಂದ ಆಸಿಡ್ ದಾಳಿಗೆ ಒಳಗಾದವರು, ಅಂಧರು ಹೊರಗುಳಿಯುತ್ತಿದ್ದಾರೆಂಬ ಅರ್ಜಿಗಳ ಮೇಲೆ 2025ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಡಿಜಿಟಲ್ ಸೌಲಭ್ಯ ಬದುಕುವ ಹಕ್ಕಿನ ಭಾಗವೆಂದಿದೆ. ಬ್ಯಾಂಕ್ ಖಾತೆಗೆ ಸಲ್ಲುವ ಮಾತು ಅನ್ನದ ದಾರಿಗೆ ಸಲ್ಲದೇ? ವಿಡಿಯೊ ಸಂದರ್ಶನಕ್ಕೆ ಹೆಸರಾದ ಅಮೆರಿಕದ ಹೈರ್‌ವ್ಯೂ ಕಂಪನಿಯೇ ಅಭ್ಯರ್ಥಿಗಳ ಮುಖಭಾವ ಅಳೆಯುವುದನ್ನು ಕೈಬಿಟ್ಟಿದ್ದಾಗಿ 2021ರಲ್ಲಿ ಪ್ರಕಟಿಸಿತು. ಟೀಕೆಗಳ ಸುರಿಮಳೆಯಾದ ಮೇಲೆ, ಅಷ್ಟೆ.

ಆಯುಕ್ತರ ಸುತ್ತೋಲೆಗೆ ಕಾಯದೆಯೂ ಆಗುವ ಕೆಲಸವೊಂದಿದೆ. ಕಂಪನಿಗಳನ್ನು ಕ್ಯಾಂಪಸ್‌ಗೆ ಕರೆಯುವ ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳು ಟೆಸ್ಟ್‌ನ ಮಾದರಿ ಲಿಂಕನ್ನು ಮೊದಲೇ ತರಿಸಿ, ತಮ್ಮ ಅಂಧ, ಕಿವುಡ ವಿದ್ಯಾರ್ಥಿಗಳ ಮುಂದೆ ಇಡಲಿ. ಅವರು ಮುಗಿಸಲಾಗದ ಟೆಸ್ಟನ್ನು ಸರಿಪಡಿಸಿ ತನ್ನಿ ಎಂದು ವಾಪಸ್ ಕಳಿಸಲಿ.