ಸಣ್ಣ ಕಾರಿನ ದೊಡ್ಡ ಸದ್ದು

ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯು ಶ್ರೀರಂಗಪಟ್ಟಣದ ದ್ವೀಪವನ್ನು ಇಬ್ಬದಿಯಲ್ಲಿ ಬಳಸಿ, ಗಂಜಾಂನ ಆಚೆ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ನದಿಯು ಮಲೆನಾಡಿನಿಂದ ಬಯಲಿಗೆ ಇಳಿಯುವ ಈ ದಿಕ್ಕಿಗೆ ಎದುರಾಗಿ ವಾರಾಂತ್ಯದ ವಾಹನಗಳು ಮಲೆನಾಡಿಗೆ ಏರುತ್ತವೆ. ಬೆಂಗಳೂರು ಬಿಟ್ಟ ಕಾರು ಶ್ರೀರಂಗಪಟ್ಟಣ ದಾಟಿ, ಪಶ್ಚಿಮವಾಹಿನಿ, ಇಲವಾಲ, ಹುಣಸೂರುಗಳ ಮಾರ್ಗವಾಗಿ ಕೊಡಗನ್ನು ಸೇರುತ್ತದೆ. ಕೆಲವು ಕಾರುಗಳು ನಡುವೆ ಗಂಜಾಂ ಕಡೆಗೂ ತಿರುಗಿ, ಗುಂಬಜ್, ನಿಮಿಷಾಂಬಾ ದೇವಾಲಯ, ಸಂಗಮ ಎಂದು ಸುತ್ತು ಹಾಕುತ್ತವೆ. ಅಂಜೂರದ ತೋಟಗಳಿಗೆ ಹೆಸರಾದ ಈ ಊರಿನ ಕಿರಿದಾದ ಬೀದಿಯಲ್ಲಿ ಸೈಲೆನ್ಸರ್ ಬದಲಾಯಿಸಿದ ಒಂದು ಸಣ್ಣ ಕಾರು ಹಾದುಹೋದರೆ ಮಲಗಿದ ಮಗು ಬೆಚ್ಚಿ ಏಳುತ್ತದೆ. ಅದೇ ಕಾರು ಮರುದಿನ ಘಟ್ಟದ ತಿರುವಿನಲ್ಲಿ ಮಲೆನಾಡಿನವರ ಎದುರಿಗೆ ಬರುತ್ತದೆ. ಆದುದರಿಂದ ಇದು ಬಯಲುಸೀಮೆಯ ಸಮಸ್ಯೆಯೆಂದು ಮಲೆನಾಡು ಕೈತೊಳೆದುಕೊಳ್ಳುವಂತಿಲ್ಲ.

ಹೀಗೆ ಸದ್ದು ಮಾಡುವ ಕಾರುಗಳೆಲ್ಲ ಶ್ರೀಮಂತರವಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದ ಮುಖ್ಯ ಪಥಗಳಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ಅಲ್ಲಿ ಸ್ವಂತ ವಾಹನದಲ್ಲಿ ಸಾಗಬಯಸುವ ಬಡವನ ಪಾಲಿಗೆ ಉಳಿದದ್ದು ಹಳೆಯ ಸಣ್ಣ ಕಾರು ಮಾತ್ರ. ಗಂಜಾಂನ ತರುಣನೊಬ್ಬ ಸಾಲ ಮಾಡಿ ಒಂದು ಹಳೆಯ ಆಲ್ಟೊ 800 ಕೊಂಡನೆಂದು ಭಾವಿಸೋಣ. ದೊಡ್ಡ ಗಾಡಿಗಳು ಸರಸರನೆ ಹಿಂದಿಕ್ಕಿ ಹೋಗುವಾಗ ಅವನಿಗೆ ತನ್ನ ಕಾರು ಸೊರಗಿದಂತೆ ಕಾಣುವುದು ಸಹಜ. ಅಲಂಕಾರದ ಅಂಗಡಿಯವನು ಹೇಳುತ್ತಾನೆ: ಫಿಲ್ಟರ್ ಬದಲಿಸು, ಪೈಪು ಬದಲಿಸು, ಅಗಲದ ಚಕ್ರ ಹಾಕಿಸು, ಗಾಡಿ ಹಾರುತ್ತದೆ.

ಹಾರುತ್ತದೆಯೇ? ಕಾರ್ಖಾನೆಯು ಈ ಕಾರಿನ 796 ಸಿ.ಸಿ. ಎಂಜಿನ್ನಿಗೆ ಹೇಳುವ ಗರಿಷ್ಠ ಶಕ್ತಿ ಸುಮಾರು 48 ಅಶ್ವಶಕ್ತಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಟರ್ಬೊ ಇಲ್ಲದ ಎಂಜಿನ್ ಅದೇ ಪ್ರಮಾಣದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಸುಮಾರು 680 ಮೀಟರ್ ಎತ್ತರದ ಶ್ರೀರಂಗಪಟ್ಟಣದಲ್ಲಿ ಆ 48 ಇಳಿದು 45ರ ಆಸುಪಾಸಿಗೆ ಬರುತ್ತದೆ. ಮಡಿಕೇರಿಯನ್ನು ತಲುಪುವ ಹೊತ್ತಿಗೆ ಸುಮಾರು 43. ತೆರೆದ ಶಂಕುವಿನಾಕಾರದ ಫಿಲ್ಟರು ಇಂಥ ಎಂಜಿನ್ನಿಗೆ ಕೊಡಬಹುದಾದದ್ದು ಹೆಚ್ಚೆಂದರೆ ಒಂದೆರಡು ಅಶ್ವಶಕ್ತಿ. ಅದು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಎಳೆದುಕೊಂಡರೆ ಅದೂ ಇಲ್ಲ. ಕಾರಿನೊಂದಿಗೆ ಬಂದ 12 ಇಂಚಿನ 145/80 ಟೈರು ತೆಗೆದು 14 ಇಂಚಿನ 165/60 ಹಾಕಿಸಿದರೆ ಚಕ್ರದ ಸುತ್ತಳತೆ ಸುಮಾರು ಶೇಕಡಾ 3ರಷ್ಟು ಹಿಗ್ಗುತ್ತದೆ. ಅಷ್ಟರಮಟ್ಟಿಗೆ ಪ್ರತಿ ಗೇರಿನಲ್ಲೂ ಎಳೆಯುವ ಬಲ ಕುಗ್ಗುತ್ತದೆ. ಫಿಲ್ಟರು ಕೊಟ್ಟದ್ದನ್ನು ಚಕ್ರ ಕಸಿಯಿತು! ಮೇಲಾಗಿ ಮೀಟರು 97 ತೋರಿಸುವಾಗ ಗಾಡಿ 100ರಲ್ಲಿ ಓಡುತ್ತಿರುತ್ತದೆ.

ಪೈಪಿನ ಕಥೆ ಇನ್ನೂ ವಿಚಿತ್ರ. ಘಟ್ಟ ಹತ್ತುವವನಿಗೆ ಬೇಕಾದದ್ದು ಕಡಿಮೆ ವೇಗದಲ್ಲಿ ಸಿಗುವ ಎಳೆತ, ತಂತ್ರಜ್ಞರ ಮಾತಿನಲ್ಲಿ ಟಾರ್ಕ್. ಸಣ್ಣ ಎಂಜಿನ್ನಿಗೆ ಅಗಲದ ಪೈಪು ಹಾಕಿದಾಗ ಹೊಗೆಯ ಹರಿವಿನ ವೇಗ ತಗ್ಗಿ, ಈ ಕೆಳಹಂತದ ಎಳೆತವೇ ಮೊದಲು ಕುಸಿಯುತ್ತದೆ. ಚಾಲಕನು ಗೇರು ಇಳಿಸಿ ಹೆಚ್ಚು ಆಕ್ಸಿಲರೇಟರ್ ತುಳಿಯುತ್ತಾನೆ, ಪೆಟ್ರೋಲು ಹೆಚ್ಚು ಸುರಿಯುತ್ತದೆ, ಸದ್ದು ಕೇಳಿ ಗಾಡಿಗೆ ಬಲ ಬಂದಿತೆಂದು ಭ್ರಮಿಸುತ್ತಾನೆ. ಪೈಪಿನ ಜೊತೆ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕಿತ್ತುಹಾಕುವ ಗ್ಯಾರೇಜುಗಳಿವೆ. ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿದ ಹೈಡ್ರೋಕಾರ್ಬನ್, ಸಾರಜನಕದ ಆಕ್ಸೈಡುಗಳು, ಈ ಮೂರನ್ನೂ ಪರಿವರ್ತಿಸುವ ಭಾಗವದು. ಹೊಸ ಕಾರಿನ ಸದ್ದು ತಯಾರಿಕೆಯ ಹಂತದಲ್ಲಿ 74 ಡೆಸಿಬೆಲ್ ಮೀರಕೂಡದೆಂಬ ಮಿತಿ 2005ರಿಂದ ಇದೆ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ನೆನೆಯಬೇಕು. 1940ರಿಂದ ಪಕ್ಷಿಧಾಮವಾಗಿರುವ, 2022ರಲ್ಲಿ ರಾಮ್ಸರ್ ತಾಣವೆಂದು ಮಾನ್ಯವಾದ ರಂಗನತಿಟ್ಟು ಇದೇ ಸೀಮೆಯಲ್ಲಿದೆ ಎಂಬುದನ್ನೂ.

ವಿಶ್ವೇಶ್ವರಯ್ಯ ನಾಲೆಯ ಬಯಲಿನ ಭತ್ತ ಬೆಳೆಗಾರರಿಗೆ ಇದು ಹೊಸ ಪಾಠವಾಗಬೇಕಿಲ್ಲ. ಪೈರು ಬೇಗ ಏಳಲೆಂದು ಯೂರಿಯಾವನ್ನಷ್ಟೇ ಸುರಿದರೆ ಗದ್ದೆ ಕಡುಹಸಿರಾಗುತ್ತದೆ. ಬಳಿಕ ಬೆಂಕಿರೋಗ ಬರುತ್ತದೆ, ಕಾಂಡ ತಾಳಲಾರದೆ ಬೆಳೆ ಮಲಗುತ್ತದೆ. ಕಾರಿನಲ್ಲಿಯೂ ಎಂಜಿನ್, ಬ್ರೇಕು, ಟೈರು, ಸ್ಪ್ರಿಂಗು ಒಂದಕ್ಕೊಂದು ಲೆಕ್ಕ ಹಾಕಿ ಕೂಡಿಸಿದವು. ವೇಗವು 80ರಿಂದ 100ಕ್ಕೆ ಏರಿದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಚಲನಶಕ್ತಿ ಶೇಕಡಾ 56ರಷ್ಟು ಹೆಚ್ಚುತ್ತದೆ. ಸುಮಾರು 700 ಕೆ.ಜಿ. ತೂಕದ ಗಾಡಿಗೆಂದು ಮಾಡಿದ ಬ್ರೇಕು ಮಾತ್ರ ಹಾಗೆಯೇ ಇರುತ್ತದೆ. ಮಲೆನಾಡಿನ ಕೊರಕಲು ದಾರಿಗೆಂದು ಸ್ಪೇಸರ್ ಇಟ್ಟು ಗಾಡಿ ಎತ್ತರಿಸುವವರು ಇನ್ನೊಂದು ಅಪಾಯವನ್ನು ತರುತ್ತಾರೆ. ಗುರುತ್ವ ಕೇಂದ್ರ ಮೇಲೇರಿದ ಕಾರು ಹೇರ್‌ಪಿನ್ ತಿರುವಿನಲ್ಲಿ ವಾಲುವುದು ಹೆಚ್ಚು. ಸಾಧಾರಣ ಬಲ್ಬಿಗೆಂದು ರೂಪಿಸಿದ ದೀಪದ ಬಟ್ಟಲಿಗೆ ಎಲ್‌ಇಡಿ ತುರುಕಿದರೆ ಬೆಳಕು ದಾರಿಯ ಮೇಲೆ ಬೀಳದೆ ಎದುರಿನವನ ಕಣ್ಣಿಗೆ ಬೀಳುತ್ತದೆ. ಮಂಜಿನಲ್ಲಿ ಅದು ಚದುರಿ ತನ್ನ ಚಾಲಕನ ಕಣ್ಣಿಗೇ ಮರಳುತ್ತದೆ.

ಹಾಗೆಂದು ಕಾರ್ಖಾನೆಯನ್ನು ದೇವರ ಗುಡಿಯೆಂದು ಪೂಜಿಸಬೇಕಾಗಿಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದ ಐದು ಸಣ್ಣ ಕಾರುಗಳ ಅಗ್ಗದ ಮಾದರಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ಐದಕ್ಕೂ ದೊರೆತದ್ದು ಸೊನ್ನೆ ನಕ್ಷತ್ರ. ಆಲ್ಟೊ 800, ನ್ಯಾನೊ ಎರಡೂ ಆ ಪಟ್ಟಿಯಲ್ಲಿದ್ದವು. ಏರ್‌ಬ್ಯಾಗ್ ಬೇಕೆಂದವನು ಹೆಚ್ಚಿನ ಬೆಲೆ ತೆರಬೇಕಾಗಿತ್ತು, ಅಥವಾ ಅದು ದೊರೆಯುತ್ತಲೇ ಇರಲಿಲ್ಲ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಅಗ್ಗದ ಕಾರಿನವನ ಪ್ರಾಣವೂ ಅಗ್ಗವೆಂಬ ಈ ಲೆಕ್ಕಾಚಾರ ನಾಚಿಕೆಗೇಡಿನದು. ವಿಪರ್ಯಾಸವೆಂದರೆ, ಕಾರ್ಖಾನೆ ಬಿಟ್ಟ ಆ ಕೊರತೆಯನ್ನು ಯಾವ ಅಲಂಕಾರದ ಅಂಗಡಿಯೂ ತುಂಬಲಾರದು. ಮುಂಭಾಗಕ್ಕೆ ಹಾಕಿಸುವ ಕಬ್ಬಿಣದ ಗಾರ್ಡು ಡಿಕ್ಕಿಯ ಪೆಟ್ಟನ್ನು ನೇರವಾಗಿ ಚಾಸಿಗೆ ಸಾಗಿಸುತ್ತದೆ, ಪಾದಚಾರಿಯನ್ನು ಇನ್ನಷ್ಟು ಗಾಯಗೊಳಿಸುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿತು.

ತರುಣನ ಬಳಿ ಇರುವ ಹಣಕ್ಕೆ ಬೇರೆ ದಾರಿಯಿದೆ. ಹಳೆಯ ಕಾರು ಸೊರಗುವುದು ಬಹುಮಟ್ಟಿಗೆ ಕಾರ್ಖಾನೆ ಕೊಟ್ಟ ಶಕ್ತಿಯನ್ನೇ ಕಳೆದುಕೊಂಡಿರುವುದರಿಂದ. ಕಟ್ಟಿಕೊಂಡ ಫಿಲ್ಟರು, ಸವೆದ ಸ್ಪಾರ್ಕ್ ಪ್ಲಗ್ಗು, ಜಾರುವ ಕ್ಲಚ್ಚು, ಹಿಡಿದುಕೊಂಡ ಬ್ರೇಕು, ಗಾಳಿ ತಗ್ಗಿದ ಟೈರು, ಇವನ್ನು ಸರಿಪಡಿಸಿದರೆ ಮರಳಿ ಬರುವ ಚೈತನ್ಯ ಯಾವ ಪೈಪಿನಿಂದಲೂ ಬಾರದು. ಬ್ರೇಕು ಪ್ಯಾಡು, ಅದೇ ಅಳತೆಯ ಹೊಸ ಟೈರು, ಹಳದಿಗಟ್ಟಿದ ದೀಪದ ಗಾಜು, ಇವುಗಳ ಸರದಿ ಮೊದಲು ಬರಬೇಕು.

ಇನ್ನು ಕಾನೂನು. ವಾಹನದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆಯೂ ಆಗಬಹುದು. ಅಂಗವಿಕಲರಿಗಾಗಿ ಗಾಡಿಯನ್ನು ಹೊಂದಿಸಿಕೊಳ್ಳಲು, ಮಾನ್ಯತೆ ಪಡೆದ ಅನಿಲ ಕಿಟ್ ಅಳವಡಿಸಲು ಅವಕಾಶವಿದೆ. ಆದರೆ ಇದೇ ಕಲಂ ಮಾರಾಟಗಾರನನ್ನು ಹಿಡಿಯುವುದು, ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿತವಾದ ಬಿಡಿಭಾಗಗಳು ನಿಯಮಕ್ಕೆ ಒಪ್ಪದಿದ್ದಾಗ. ಸಾಲದ ಕಾರಿನ ತರುಣ ರಸ್ತೆಯಲ್ಲಿ ಸಿಕ್ಕಿಬಿದ್ದು ದಂಡ ತೆರುತ್ತಾನೆ. ಅವನಿಗೆ ಪೈಪು ಬೆಸೆದು ಕೊಟ್ಟ ಅಂಗಡಿಯ ಮುಂದೆ ಮರುದಿನ ಇನ್ನೊಂದು ಕಾರು ನಿಂತಿರುತ್ತದೆ. ಸಾರಿಗೆ ಇಲಾಖೆಯವರೂ ಪೊಲೀಸರೂ ಮೊದಲು ಹೋಗಬೇಕಾದದ್ದು ಆ ಬಾಗಿಲಿಗೆ. ಹಾಗೆ ಹೋಗಬೇಕೆಂದು ಶ್ರೀರಂಗಪಟ್ಟಣದ ಪುರಸಭೆ, ಹುಣಸೂರಿನ ನಗರಸಭೆ, ಘಟ್ಟದ ಗ್ರಾಮ ಪಂಚಾಯಿತಿಗಳು ಕೂಡಿ ಠರಾವು ಮಾಡಿ ಕಳುಹಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.