ಅಣಕದಲ್ಲಿಯೂ ಅಳುವಿಗೊಂದು ಕಾರಣ ಬೇಕು

ಪ್ರಸಿದ್ಧ ಕೃತಿಯೊಂದರ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳು ತಮ್ಮದೇ ಕಥೆ ಕಟ್ಟುವ ಬರವಣಿಗೆಗೆ ಇಂದು ‘ಫ್ಯಾನ್ ಫಿಕ್ಷನ್’ ಎಂಬ ಹೆಸರಿದೆ. ಅದರ ಒಂದು ಕವಲು ವಿಡಂಬನೆ. ನಗಿಸುವ ಆತುರದಲ್ಲಿ ಪಾತ್ರಗಳ ಭಾವವನ್ನೇ ಕೈಬಿಡುವುದು ಈ ಕವಲಿನ ದೊಡ್ಡ ದೋಷ. ಪಾತ್ರವು ಕಾರಣವಿಲ್ಲದೆ ಅಳುತ್ತದೆ, ಮೂರ್ಛೆ ಹೋಗುತ್ತದೆ, ಮರುಗಳಿಗೆಯಲ್ಲಿ ಎಲ್ಲವನ್ನೂ ಮರೆಯುತ್ತದೆ. ‘ಅಣಕದಲ್ಲಿ ಸಹಜತೆ ಏತಕ್ಕೆ?’ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಈ ಸಮರ್ಥನೆ ನಿಲ್ಲುವಂಥದಲ್ಲ.

ಭರತನ ಪರಿಭಾಷೆಯಲ್ಲಿ ಭಾವಕ್ಕೆ ಕಾರಣವಾದುದು ವಿಭಾವ. ಅದು ಮಾತಿನಲ್ಲಿ, ಮೈಯಲ್ಲಿ ತೋರಿಕೊಳ್ಳುವುದು ಅನುಭಾವ. ವಿಡಂಬಕನು ವಿಭಾವವನ್ನು ಎಷ್ಟಾದರೂ ವಿಕಟಗೊಳಿಸಲಿ. ಆದರೆ ಅದಕ್ಕೂ ಅನುಭಾವಕ್ಕೂ ಇರುವ ನಂಟನ್ನು ಕಡಿದರೆ ನಗೆಯೂ ಸಾಯುತ್ತದೆ.

ಇಂಗ್ಲಿಷ್ ಸಾಹಿತ್ಯದಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನವಿದೆ. ರಿಚರ್ಡ್‌ಸನ್ನನ ‘ಪಮೇಲಾ’ (1740) ಒಡೆಯನಿಂದ ತನ್ನ ಶೀಲವನ್ನು ಕಾಯ್ದುಕೊಂಡು, ಕಡೆಗೆ ಅವನನ್ನೇ ಮದುವೆಯಾಗುವ ಸೇವಕಿಯ ಕಥೆ. ಹೆನ್ರಿ ಫೀಲ್ಡಿಂಗನದೆಂದು ವಿದ್ವಾಂಸರು ಒಪ್ಪಿರುವ ‘ಶಮೇಲಾ’ (1741) ಆ ಶೀಲವೆಲ್ಲ ನಟನೆಯೆಂದು ಗೇಲಿಮಾಡುತ್ತದೆ. ಗೇಲಿ ಹರಿತವಾದುದೇ. ಆದರೆ ಅವಳ ಕಣ್ಣೀರು ಸುಳ್ಳೆಂದು ಒಮ್ಮೆ ತಿಳಿದ ಮೇಲೆ ಮುಂದಿನ ಕಣ್ಣೀರಿನಲ್ಲಿ ಕುತೂಹಲ ಉಳಿಯುವುದಿಲ್ಲ. ಮರುವರ್ಷದ ‘ಜೋಸೆಫ್ ಆ್ಯಂಡ್ರೂಸ್’ (1742) ಪಮೇಲಳ ಸೋದರನನ್ನೇ ಅಂಥ ಇಕ್ಕಟ್ಟಿಗೆ ಸಿಲುಕಿಸುತ್ತದೆ. ಇಲ್ಲಿ ಬೆನ್ನುಹತ್ತುವವಳು ಒಡತಿ. ಸೇವಕನೊಬ್ಬ ತನ್ನ ಶೀಲದ ಮಾತೆತ್ತಿದಾಗ ವಿಧವೆ ಲೇಡಿ ಬೂಬಿ ಮಾತೇ ಹೊರಡದೆ ಕುಳಿತುಬಿಡುತ್ತಾಳೆ. ಬಳಿಕ ಕೋಪ, ಮತ್ತೆ ಹೊಯ್ದಾಟ. ಪ್ರಸಂಗ ತಲೆಕೆಳಗಾದುದು, ಆದರೆ ಆಸೆ, ಅಂತಸ್ತಿನ ಗರ್ವ, ಅಪಕೀರ್ತಿಯ ಭಯ ಇವುಗಳ ನಡುವೆ ಅವಳು ಪಡುವ ಪಾಡು ಸುಳ್ಳಲ್ಲ. ‘ಶಮೇಲಾ’ ನಿಂತುಹೋದಲ್ಲಿಂದ ಈ ಕೃತಿ ಮುಂದೆ ಸಾಗುವುದು ಇದರಿಂದಲೇ.

ವಿಡಂಬನೆಗೆ ನಿರ್ವಿಕಾರ ಮುಖವೇ ಭೂಷಣವೆಂಬ ಆಕ್ಷೇಪ ಬರಬಹುದು. ಎಂಟನೆಯ ಶತಮಾನದ ಹರಿಭದ್ರಸೂರಿಯ ಪ್ರಾಕೃತ ‘ಧೂರ್ತಾಖ್ಯಾನ’ವನ್ನು ನೋಡಬೇಕು. ಉಜ್ಜಯಿನಿಯ ಉದ್ಯಾನದಲ್ಲಿ ಐವರು ಧೂರ್ತರು ಅಸಂಭವ ಕಥೆಗಳನ್ನು ಹೇಳುತ್ತಾರೆ. ಉಳಿದವರು ಭಾರತ, ರಾಮಾಯಣ, ಪುರಾಣಗಳ ಪ್ರಸಂಗಗಳನ್ನು ತೋರಿಸಿ ಅವನ್ನು ಸಮರ್ಥಿಸುತ್ತಾರೆ. ಯಾರಿಗೂ ಅಚ್ಚರಿಯಿಲ್ಲ. ಏಕೆ? ನಂಬದವನು ಎಲ್ಲರಿಗೂ ಊಟ ಹಾಕಬೇಕೆಂಬುದು ಪಂದ್ಯ. ಆ ನಿರ್ವಿಕಾರದ ಹಿಂದೆ ಹಸಿವಿನ ಲೆಕ್ಕಾಚಾರವಿದೆ. ಕಡೆಗೆ ಖಂಡಪಾನಾ ಎಂಬವಳು, ‘ಓಡಿಹೋದ ನನ್ನ ಸೇವಕರು ನೀವೇ, ನೀವು ಉಟ್ಟಿರುವುದು ನನ್ನ ಬಟ್ಟೆ’ ಎಂಬರ್ಥದ ಕಥೆ ಹೇಳುತ್ತಾಳೆ. ಒಪ್ಪಿದರೆ ದಾಸ್ಯ, ಒಪ್ಪದಿದ್ದರೆ ಊಟದ ಹೊರೆ. ಅಲ್ಲಿ ಅವರು ನಾಚಿ ಸೋಲುವುದು ನಮಗೆ ನಂಬಿಕೆಯಾಗುತ್ತದೆ. ಏಕೆಂದರೆ ಕಳೆದುಕೊಳ್ಳಲು ಅವರಲ್ಲಿ ಏನೋ ಇದೆ.

ವಿಡಂಬನೆ ಬರೆಯುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಈ ಗಳಿಗೆಯಲ್ಲಿ ಈ ಪಾತ್ರ ಕಳೆದುಕೊಳ್ಳುವುದೇನು? ಮೂಲಕೃತಿಯಲ್ಲಿ ಅದು ಯಾವುದಕ್ಕೆ ಅಂಜುತ್ತಿತ್ತು, ಯಾವುದನ್ನು ಬಯಸುತ್ತಿತ್ತು? ಆ ಅಂಜಿಕೆ, ಆ ಬಯಕೆಗಳನ್ನು ಉಳಿಸಿಕೊಂಡು ಪ್ರಸಂಗವನ್ನು ಎಷ್ಟು ತಿರುಚಿದರೂ ಓದುಗನು ಪಾತ್ರವನ್ನು ಗುರುತಿಸುತ್ತಾನೆ. ಅವನ್ನು ಬಿಟ್ಟರೆ ಉಳಿಯುವುದು ಹೆಸರು ಮಾತ್ರ. ಬರಿಯ ಹೆಸರನ್ನು ಅಣಕಿಸಿದರೆ ಯಾರೂ ಬಹುಕಾಲ ನಗುವುದಿಲ್ಲ.